ಎಂ ಎಂಬತ್ತೊಂದು ಮತ್ತು ಒಂದು ತೆಂಗಿನಕಾಯಿ

ಅವನ ಕುತ್ತಿಗೆಯ ಹಿಂಭಾಗ ಸುಟ್ಟ ಇಟ್ಟಿಗೆಯ ಬಣ್ಣಕ್ಕಿತ್ತು. ಕಾಲರ್ ಸ್ವಲ್ಪ ಸರಿದರೆ ಒಳಗಿನ ಚರ್ಮ ಹಾಲಿನಷ್ಟು ಬಿಳಿ, ಅದರ ಮೇಲೆ ಕಂದು ಚುಕ್ಕೆಗಳು. ಕೂದಲು ಕೆಂಪು, ಹುಬ್ಬೂ ಕೆಂಪು. ಗಲ್ಫಿನ ಘಾಲಾದಲ್ಲಿದ್ದ ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರು ಅವನನ್ನು ಇಂಗ್ಲೆಂಡಿನವನೆಂದು ತಿಳಿದು "ಗುಡ್ ಮಾರ್ನಿಂಗ್ ಸರ್" ಎಂದು ಎದ್ದು ನಿಲ್ಲುತ್ತಿದ್ದರು. ಆತ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನಾನು ಅಲ್ಜೀರಿಯಾದವನು, ಕೂತ್ಕೋ. ಇಂಗ್ಲೆಂಡಿನವನಾಗಿದ್ದರೂ ನೀನು ಕೂತೇ ಇರಬೇಕಿತ್ತು" ಎನ್ನುತ್ತಿದ್ದ.

ಆತ ನಮ್ಮ ಇನ್‌ಸ್ಪೆಕ್ಟರ್. ಎಣ್ಣೆಬಾವಿಗಳಿಂದ ರಿಪೇರಿಗೆ ಬಂದ ಪಂಪುಗಳು ಅವನ ಸಹಿ ಇಲ್ಲದೆ ಗೇಟು ದಾಟುವಂತಿರಲಿಲ್ಲ. ನಾನು ವರ್ಕ್‌ಶಾಪಿನ ಉಸ್ತುವಾರಿ. ಅದಕ್ಕೆ ಮೊದಲು ಹದಿನೈದು ವರ್ಷ ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದವನು. ಏಳು ಗಂಟೆ ಎಂದರೆ ಏಳೇ ಗಂಟೆ. ಆತ ದಿನವೂ ಏಳೂ ಹತ್ತಕ್ಕೆ ಬರುತ್ತಿದ್ದ. ನಾನು ದಿನವೂ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಏಳೂ ಹತ್ತು ಎಂದು ಬರೆಯುತ್ತಿದ್ದೆ. ಹತ್ತು ವರ್ಷ ಇದು ನಡೆಯಿತು. ಇಬ್ಬರೂ ಬದಲಾಗಲಿಲ್ಲ.

ಬಂದವನೇ ಬೆರಳ ಗೆಣ್ಣಿನಿಂದ ಶಾಫ್ಟನ್ನು ತಟ್ಟಿ ಕಿವಿಗೊಡುತ್ತಿದ್ದ. ಆಮೇಲೆ ಅಳತೆ, ಆಮೇಲೆ ಭೂತಗನ್ನಡಿ. ಬಿರುಕು ಕಂಡರೆ ಸೀಮೆಸುಣ್ಣದಿಂದ ದೊಡ್ಡ ಅಡ್ಡಗೀಟು ಹಾಕಿ "ಜಿಬಾಲಾ" ಎನ್ನುತ್ತಿದ್ದ. ಅರಬ್ಬಿಯಲ್ಲಿ ಕಸ ಎಂದರ್ಥ. ಶಾಫ್ಟಿಗಷ್ಟೇ ಅಲ್ಲ, ಕ್ಯಾಂಟೀನಿನ ಚಹಾಕ್ಕೂ, ಮ್ಯಾನೇಜರನ ಭಾಷಣಕ್ಕೂ ಅದೇ ಮಾತು. ಅವನ ಇಂಗ್ಲಿಷು ಹರಕು, ನನ್ನ ಅರಬ್ಬಿ ಮುರುಕು, ಇಬ್ಬರಿಗೂ ವರ್ಕ್‌ಶಾಪಿನ ಹಿಂದಿ ಅರ್ಧಂಬರ್ಧ. ಮೂರನ್ನೂ ಕಲಸಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತನ್ನ ಮನೆತನದ ಬಗ್ಗೆ ಕೊಚ್ಚಿಕೊಳ್ಳುವವರೆಂದರೆ ಅವನಿಗೆ ಹೇಸಿಗೆ. ಅಂಥವರಿಗೆ ಘಾಲಾದಲ್ಲಿ ಬರವಿರಲಿಲ್ಲ. ಒಬ್ಬ ಸಪ್ಲೈಯರ್ ತಾನು ನವಾಬರ ವಂಶದವನೆಂದು ಹೇಳಿ ತುಕ್ಕು ಹಿಡಿದ ಬೇರಿಂಗ್ ಮಾರಲು ಬಂದಿದ್ದ. ಇನ್‌ಸ್ಪೆಕ್ಟರ್ ಅವನಿಗೆ ತಮ್ಮ ಕಡೆಯ ಗಾದೆಯೊಂದನ್ನು ಹೇಳಿದ: "ನಿನ್ನ ಅಪ್ಪ ಯಾರು ಅಂತ ಹೇಸರಗತ್ತೆಯನ್ನ ಕೇಳಿದರೆ, ಕುದುರೆ ನನ್ನ ಸೋದರಮಾವ ಅಂತಂತೆ." ಸಪ್ಲೈಯರ್ ನಕ್ಕ. ಅದು ತನ್ನ ಕುರಿತದ್ದೆಂದು ಅವನಿಗೆ ಗೇಟಿನ ಹೊರಗೆ ಹೋಗುವವರೆಗೂ ಹೊಳೆದಿರಲಿಕ್ಕಿಲ್ಲ.

ಇಷ್ಟೆಲ್ಲ ಮಾತಾಡುವ ಮನುಷ್ಯ ಸ್ವತಃ ಒಬ್ಬ ಸಂತನ ವಂಶದವನೆಂದು ತಿಳಿದಾಗ ನಾನೂ ಮನಸ್ಸಿನಲ್ಲೇ ನಕ್ಕಿದ್ದೆ. ಆತ ಅಲ್ಜೀರಿಯಾದ ಗುಡ್ಡಗಾಡಿನವನು. ಹೊರಗಿನವರು ಆ ಜನರನ್ನು ಬರ್ಬರ್ ಎನ್ನುತ್ತಾರೆ, ಅವರು ತಮ್ಮನ್ನು ಅಮಾಝಿಗ್ ಎಂದುಕೊಳ್ಳುತ್ತಾರೆ. ಅಂಥ ಊರುಗಳಲ್ಲಿ ಒಂದೆರಡು ಮನೆತನಗಳು ಮಾತ್ರ, ತಾವು ಅಮಾಝಿಗರಲ್ಲ, ಅರೇಬಿಯಾದಿಂದ ಬಂದ ಪವಿತ್ರ ಪುರುಷನೊಬ್ಬನ ಮಕ್ಕಳು ಎಂದು ಹೇಳಿಕೊಳ್ಳುತ್ತವೆ. ಉಳಿದ ರೈತರು ಅವರ ಕೈಗೆ ಮುತ್ತಿಡಬೇಕು. ಅವರು ಮಾತ್ರ ರೈತರ ಮನೆಗೆ ಹೆಣ್ಣು ಕೊಡುವುದಿಲ್ಲ. ಇನ್‌ಸ್ಪೆಕ್ಟರನದು ಅಂಥದೊಂದು ಮನೆತನ.

ಆ ಹೆಮ್ಮೆಯನ್ನು ಹೊತ್ತು ತಿರುಗುತ್ತಿದ್ದವನು ಪ್ಯಾರಿಸ್ಸಿನಲ್ಲಿದ್ದ ಅವನ ಅಣ್ಣನ ಮಗ. ಅಪ್ಪನಿಂದ ಮಗನಿಗೆ ಮಾತ್ರ ಇಳಿದು ಬರುವ ವರ್ಣತಂತುವನ್ನು ಪರೀಕ್ಷಿಸಿ ಗಂಡುಸಂತಾನದ ಮೂಲ ಹೇಳುವ ಪ್ರಯೋಗಾಲಯಗಳು ಅಮೆರಿಕದಲ್ಲಿ ಆಗಷ್ಟೇ ಶುರುವಾಗಿದ್ದವು. ಸಂತನ ವಂಶವೆಂಬುದಕ್ಕೆ ಪುರಾವೆ ತರಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದು ಆ ಹುಡುಗನ ಆಸೆ. ಅಪ್ಪ ಬದುಕಿಲ್ಲದ್ದರಿಂದ, ಮನೆತನದ ಹಿರಿಯನೆಂದು ಚಿಕ್ಕಪ್ಪನಿಗೆ ಹತ್ತಿ ಸುತ್ತಿದ ಕಡ್ಡಿಗಳನ್ನು ಕಳಿಸಿದ. ಇನ್‌ಸ್ಪೆಕ್ಟರ್ ನನ್ನೆದುರೇ ಅದನ್ನು ಕೆನ್ನೆಯ ಒಳಗೆ ಉಜ್ಜಿಕೊಂಡು, "ನೋಡು, ಪವಿತ್ರ ಎಂಜಲು" ಎಂದು ಲಕೋಟೆಗೆ ಹಾಕಿದ.

ಕೆಲವು ತಿಂಗಳ ನಂತರ ಕಾಗದ ಬಂತು. ಆತ ಅದನ್ನು ನನ್ನ ಮೇಜಿನ ಮೇಲೆ ಎಸೆದ. "ಓದು, ಯಾ ಮುಹಂದಿಸ್." ಮುಹಂದಿಸ್ ಎಂದರೆ ಇಂಜಿನಿಯರ್. ನಾನಲ್ಲ, ಆದರೂ ಆತ ಹಾಗೇ ಕರೆಯುತ್ತಿದ್ದ. ಕಾಗದದಲ್ಲಿ ಇಂಗ್ಲಿಷಿನ ಇ ಅಕ್ಷರ, ಅದರ ಬಾಲಕ್ಕೆ ಇನ್ನಷ್ಟು ಅಕ್ಷರ, ಅಂಕಿ, ಕೊನೆಯಲ್ಲಿ ಎಂ ಎಂಬತ್ತೊಂದು.

"ಇದೇನು, ಬಿಡಿಭಾಗದ ನಂಬರಾ?" ಎಂದೆ.

"ಹೌದು. ನನ್ನ ನಂಬರು. ಅರಬ್ ಸಂತನ ಮಗನಾಗಿದ್ದರೆ ಬಹುಶಃ ಜೆ ಅಂತ ಬರಬೇಕಿತ್ತು. ಬಂದಿರೋದು ಬೆಟ್ಟದ ರೈತನ ನಂಬರು. ಖಲಾಸ್."

ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ವರ್ಕ್‌ಶಾಪಿನ ನೆಲದ ಮೇಲೆ ಆಫ್ರಿಕಾದ ನಕ್ಷೆ ಬರೆದ. ಬೇರು ಪೂರ್ವ ಆಫ್ರಿಕಾದಲ್ಲಿ. ಅಲ್ಲಿಂದ ಗಂಡಸರ ಒಂದು ಕವಲು ಉತ್ತರಕ್ಕೆ ಬಂತು, ಪಶ್ಚಿಮಕ್ಕೆ ತಿರುಗಿತು. ಕೆಲವು ಸಾವಿರ ವರ್ಷಗಳ ಹಿಂದೆ, ವಾಯವ್ಯದ ಗುಡ್ಡಗಳ ಕಡೆ ಎಲ್ಲೋ ಒಬ್ಬನಲ್ಲಿ ಎಂ ಎಂಬತ್ತೊಂದು ಎಂಬ ಸಣ್ಣ ಗುರುತು ಹುಟ್ಟಿತು. ಅವನ ಮಕ್ಕಳು ಮೊಮ್ಮಕ್ಕಳು ಬೇಗಬೇಗ ಹೆಚ್ಚಿದರು. ಮೊರಾಕ್ಕೊದ ಬೆಟ್ಟಗಳಲ್ಲಿ, ಮರಳುಗಾಡಿನ ಅಲೆಮಾರಿ ಟುವಾರೆಗರಲ್ಲಿ ಆ ಗುರುತು ದಟ್ಟ. ಈಜಿಪ್ಟಿನ ಕಡೆ ಬಂದ ಹಾಗೆ ತೆಳು. ಸಮುದ್ರ ದಾಟಿ ಕ್ಯಾನರಿ ದ್ವೀಪಗಳಿಗೂ, ಸ್ಪೇನಿಗೂ, ಸಿಸಿಲಿಗೂ ಒಂದಿಷ್ಟು ಹೋಯಿತು. ಕಾಗದದ ಜೊತೆ ಬಂದಿದ್ದ ವಿವರವನ್ನು ಆತ ಪಂಪಿನ ಕೈಪಿಡಿ ಓದುವ ಹಾಗೆ ಓದಿ ಮನನ ಮಾಡಿದ್ದ.

"ಅಕ್ಷರಗಳ ಹೆಸರನ್ನ ವಿಜ್ಞಾನಿಗಳು ವರ್ಷಕ್ಕೊಂದು ಸಲ ಬದಲಾಯಿಸ್ತಾರಂತೆ. ಎಂಬತ್ತೊಂದು ಮಾತ್ರ ಬದಲಾಗಲ್ಲ. ನನ್ನ ಅಣ್ಣನ ಮಗ ಮೂರು ದಿನದಿಂದ ಊಟ ಬಿಟ್ಟಿದ್ದಾನೆ." ಹೀಗೆ ಹೇಳಿ ನಕ್ಷೆಯ ಮೇಲೆ ಅಡ್ಡಗೀಟು ಹಾಕಿದ. ನಕ್ಕ. ಆ ನಗು ಅಷ್ಟು ಚೆನ್ನಾಗಿರಲಿಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಅದೇ ವರ್ಷ ನನ್ನ ಮಗಳ ಮದುವೆಯ ಮಾತು ಬಂತು. ಹುಡುಗನ ಮನೆ ಅಲ್ಲೇ ಹತ್ತಿರದ ದಾರ್ಸೈಟಿನಲ್ಲಿ, ಮೂಲ ನಮ್ಮ ಮೈಸೂರಿನ ಕಡೆಯೇ. ಇಬ್ಬರೂ ಒಟ್ಟಿಗೆ ಓದಿದವರು, ತಾವೇ ಒಪ್ಪಿಕೊಂಡವರು. ಎಲ್ಲ ಸರಿಯಾಗಿದೆ ಎನ್ನುವಾಗ ಹುಡುಗನ ದೊಡ್ಡಪ್ಪ ಗೋತ್ರ ಕೇಳಿದರು. ನಮ್ಮದು ಕೌಶಿಕ. ಅವರದೂ ಕೌಶಿಕ. ಆ ಮಹಾಶಯರು ಕಾಫಿಯ ಲೋಟವನ್ನು ಕೆಳಗಿಟ್ಟ ರೀತಿ ನೋಡಿದರೆ ನಾವು ಅದರಲ್ಲಿ ಹಲ್ಲಿ ಹಾಕಿದ್ದೆವೇನೋ ಎನಿಸಬೇಕು. ಒಂದೇ ಋಷಿಯ ಗಂಡುಸಂತಾನ. ಅಂದರೆ ಹುಡುಗ ಹುಡುಗಿ ಅಣ್ಣ ತಂಗಿ. ದುಬೈಗೆ ಹೋದರೆ ಹೋಟೆಲಿನಲ್ಲಿ ಏನೇನು ತಿನ್ನುತ್ತಿದ್ದರೋ ಎಲ್ಲರಿಗೂ ಗೊತ್ತಿದ್ದ ಮನುಷ್ಯ ಅವರು. ಋಷಿಯ ವಿಷಯದಲ್ಲಿ ಮಾತ್ರ ಬಹಳ ಮಡಿ.

ಆಮೇಲೆ ತಾವೇ ದಾರಿಯನ್ನೂ ತೋರಿಸಿದರು. "ಇದೇನ್ ಮಹಾ ಸಾರ್. ಹುಡುಗೀನ ಅವಳ ಸೋದರಮಾವನಿಗೆ ದತ್ತು ಕೊಟ್ಬಿಡಿ. ಒಂದ್ ತೆಂಗಿನಕಾಯಿ, ಎರಡು ವೀಳ್ಯದೆಲೆ, ಅರ್ಧ ಗಂಟೆ ಮಂತ್ರ. ಗೋತ್ರ ಬದಲಾಯ್ತು. ಅವರೇ ಧಾರೆ ಎರೀತಾರೆ. ನೀವು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೊಳಿ."

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಇದು ಹಿಡಿಸಿತು. ನಿಯಮವೂ ಉಳಿಯುತ್ತದೆ, ಮದುವೆಯೂ ಆಗುತ್ತದೆ. ದತ್ತುವಿಗೆ ಬೇಕಾದ ಸಾಮಾನುಗಳ ಪಟ್ಟಿಯನ್ನು ನಂಬರು ಹಾಕಿ ಬರೆದೆ. ಒಂದು, ತೆಂಗಿನಕಾಯಿ.

ಮಗಳು ಪಟ್ಟಿಯನ್ನು ನೋಡಿದಳು. "ಪ್ಲೀಸ್ ಅಪ್ಪ. ನಿಮ್ಮ ಮಗಳಾಗಿ ಮದುವೆ ಮಾಡ್ಕೊಡಿ. ಇಲ್ಲಾಂದ್ರೆ ಐ ವೋಂಟ್ ಮ್ಯಾರಿ. ಅವನನ್ನೂ ಇಲ್ಲ, ಇನ್ಯಾರನ್ನೂ ಇಲ್ಲ." ಬಾಗಿಲು ಹಾಕಿಕೊಂಡಳು. ಅವಳು ನನ್ನ ಮಗಳು, ಹೇಳಿದ ಮೇಲೆ ಹೇಳಿದ ಹಾಗೇ. ಹೆಂಡತಿ, "ಯಾರೋ ಋಷಿಗೋಸ್ಕರ ಇದ್ದೊಬ್ಬ ಮಗಳನ್ನ ಕಳ್ಕೊಳ್ತೀರಿ" ಎಂದಳು. ನಾನು ಜಗ್ಗಲಿಲ್ಲ. ಶುಕ್ರವಾರ ದೊಡ್ಡಪ್ಪನಿಗೆ ಉತ್ತರ ಹೇಳಬೇಕು. ಮಗಳು ಒಪ್ಪದಿದ್ದರೆ ಸಂಬಂಧ ಬೇಡ ಎನ್ನುವುದೆಂದು ತೀರ್ಮಾನಿಸಿದೆ.

ಬುಧವಾರ ಇನ್‌ಸ್ಪೆಕ್ಟರ್ ನನ್ನ ಮೇಜಿನ ಮೇಲಿದ್ದ ಪಟ್ಟಿಯನ್ನು ಎತ್ತಿಕೊಂಡ. "ಇದು ಯಾವ ಪಂಪಿಗೆ?" ನಾನು ಎಲ್ಲ ಹೇಳಿದೆ. ಆತ ಕೈಯಲ್ಲಿದ್ದ ಭೂತಗನ್ನಡಿಯನ್ನು ಕೆಳಗಿಟ್ಟ.

"ಎಷ್ಟು ಸಾವಿರ ವರ್ಷದ ಅಪ್ಪಂದಿರು?"

"ಲೆಕ್ಕವಿಲ್ಲ. ಋಷಿಯಿಂದ ಈಚೆಗೆ."

"ಅವರೆಲ್ಲ ಒಂದು ತೆಂಗಿನಕಾಯಿಗೆ ಎದ್ದು ಹೋಗ್ತಾರಾ?"

"ಶಾಸ್ತ್ರದಲ್ಲಿ ಅವಕಾಶ ಇದೆ."

"ಬಿರುಕು ಬಿಟ್ಟ ಶಾಫ್ಟಿಗೆ ಬಣ್ಣ ಬಳಿಯೋಕೂ ಅವಕಾಶ ಇದೆ. ನೀನು ಬಳಿದು ಕಳಿಸ್ತೀಯಾ?"

ನಾನು ಪಟ್ಟಿಗೆ ಕೈ ಚಾಚಿದೆ, ಆತ ಕೊಡಲಿಲ್ಲ.

"ಶಾಫ್ಟ್ ಸರಿಯಿದ್ದರೆ ಬಣ್ಣ ಯಾಕೆ? ಸರಿಯಿಲ್ಲದಿದ್ದರೆ ಬಣ್ಣದಿಂದ ಏನಾಗತ್ತೆ? ಯಾ ಮುಹಂದಿಸ್, ನೀನು ನನ್ನ ಹತ್ತು ನಿಮಿಷಕ್ಕೆ ಎಂಟು ವರ್ಷ ಕೆಂಪು ಶಾಯಿ ಸುರಿದವನು. ಇವತ್ತು ಗಡಿಯಾರದ ಮುಳ್ಳನ್ನೇ ತಿರುಗಿಸೋಕೆ ಹೊರಟಿದ್ದೀಯ."

ಆಮೇಲೆ ಧ್ವನಿ ತಗ್ಗಿಸಿ ಹೇಳಿದ. ಅವನಿಗೊಬ್ಬ ತಂಗಿ ಇದ್ದಳಂತೆ. ಆಲಿವ್ ಗಾಣದವರ ಮನೆಯ ಹುಡುಗ ಅವಳನ್ನು ಕೇಳಿ ಬಂದಿದ್ದ. ಅವಳಿಗೂ ಮನಸ್ಸಿತ್ತು. ಅಪ್ಪ ತೀರಿಹೋಗಿದ್ದರು, ಅಣ್ಣ ಫ್ರಾನ್ಸಿನಲ್ಲಿದ್ದ. ಉತ್ತರ ಹೇಳಬೇಕಾದವನು ಇವನೇ. ಸಂತನ ಮನೆಯ ಹೆಣ್ಣು ಗಾಣದ ಮನೆಗೆ ಹೋಗುವುದಿಲ್ಲ ಎಂದ. ಅವಳು ಮದುವೆಯಾಗಲಿಲ್ಲ. ಮೂವತ್ತು ವರ್ಷ ಅದೇ ಮನೆಯಲ್ಲಿ ರೊಟ್ಟಿ ಬೇಯಿಸಿ, ಪರೀಕ್ಷೆಯ ಕಾಗದ ಬರುವುದಕ್ಕೆ ಎರಡು ವರ್ಷ ಮೊದಲು ಸತ್ತಳು.

"ಗಾಣದವನ ಅಣ್ಣನ ಮಗನೂ ಪ್ಯಾರಿಸ್ಸಿನಲ್ಲಿದ್ದಾನೆ. ಅವನೂ ಪರೀಕ್ಷೆ ಮಾಡಿಸಿದ. ಏನು ಬಂತು ಗೊತ್ತಾ?"

ಗೊತ್ತಾಯಿತು.

"ಎಂಬತ್ತೊಂದು. ನೀವು ಒಂದೇ ಅಂತ ಬೇಡ ಅಂತೀರಿ. ನಾವು ಬೇರೆ ಅಂತ ಬೇಡ ಅಂದ್ವಿ. ಎರಡೂ ಕಡೆ ಅಪ್ಪಂದಿರಿಗೆ ಏನೂ ಆಗಲ್ಲ. ಮನೇಲಿ ಕೂರೋದು ಹುಡುಗಿ." ಜೇಬಿನಿಂದ ಸೀಮೆಸುಣ್ಣದ ಬದಲು ಪೆನ್ನು ತೆಗೆದ. ನನ್ನ ಪಟ್ಟಿಯ ಮೇಲೆ ತುದಿಯಿಂದ ತುದಿಗೆ ಅಡ್ಡಗೀಟು ಎಳೆದು, ಕೆಳಗೆ ವರ್ಕ್‌ಶಾಪಿನ ಕಾಗದಗಳಿಗೆ ಹಾಕುವ ಹಾಗೆಯೇ ಪೂರ್ತಿ ಸಹಿ ಹಾಕಿದ. "ಜಿಬಾಲಾ. ಯಲ್ಲಾ, ಕೆಲಸಕ್ಕೆ ಹೋಗು."

ಶುಕ್ರವಾರ ದಾರ್ಸೈಟಿಗೆ ಹೋದೆ. ಹುಡುಗನ ಅಪ್ಪ ಅಮ್ಮನೂ ಕೂತಿದ್ದರು. ದತ್ತು ಇಲ್ಲ, ಕೌಶಿಕ ಗೋತ್ರದವನಾಗಿಯೇ ನಾನೇ ಧಾರೆ ಎರೆಯುತ್ತೇನೆ ಎಂದೆ. ದೊಡ್ಡಪ್ಪ, "ಹಾಗಾದ್ರೆ ಶಾಸ್ತ್ರ?" ಎಂದರು.

"ಕಾಯಿ ಒಡೆದರೆ ಬದಲಾಗೋದು ಶಾಸ್ತ್ರ ಅಲ್ಲ ಸಾರ್, ನೆಪ. ಬದಲಾಗಲ್ಲ ಅನ್ನೋದಾದ್ರೆ ದತ್ತುವಿನ ಮಾತು ತೆಗೆದವರು ನೀವು."

ಅವರು ಹುಡುಗನ ಅಪ್ಪನ ಮುಖ ನೋಡಿದರು. ಆ ಬಡಪಾಯಿ ಕೊನೆಗೂ ಬಾಯಿ ಬಿಟ್ಟು, "ಮುಹೂರ್ತ ಯಾವಾಗ ಇಟ್ಕೊಳೋಣ?" ಎಂದರು. ದೊಡ್ಡಪ್ಪ ಮದುವೆಗೆ ಬರಲಿಲ್ಲ. ಬಂದಿದ್ದರೆ ಊಟ ಒಂದು ಎಲೆ ಹೆಚ್ಚು ಹೋಗುತ್ತಿತ್ತು, ಅಷ್ಟೆ.

ಇನ್‌ಸ್ಪೆಕ್ಟರ್ ಬಂದ. ಏಳು ಗಂಟೆಯ ಮುಹೂರ್ತಕ್ಕೆ ಆರೂ ಐವತ್ತಕ್ಕೆ ಬಂದು, ಟೈ ಕಟ್ಟಿಕೊಂಡು ಮೊದಲ ಸಾಲಿನಲ್ಲಿ ಕೂತು, ನನಗೆ ತನ್ನ ಕೈಗಡಿಯಾರ ತೋರಿಸಿದ. ಪುರೋಹಿತರು ಮುತ್ತಾತ, ತಾತ, ಅಪ್ಪ ಎಂದು ಮೂರು ತಲೆಮಾರಿನ ಹೆಸರು ಹೇಳುವಾಗ ಪಕ್ಕದಲ್ಲಿದ್ದವರನ್ನು ಕೇಳಿ ಅರ್ಥ ತಿಳಿದುಕೊಂಡಿದ್ದ. ಊಟವಾದ ಮೇಲೆ ನನ್ನ ಹತ್ತಿರ ಬಂದು, "ಅಮ್ಮಂದಿರ ಹೆಸರು ಯಾಕೆ ಹೇಳಲಿಲ್ಲ?" ಎಂದ. "ನನ್ನ ಕಾಗದದಲ್ಲೂ ಇಲ್ಲ" ಎಂದು ಪಾಯಸದ ಲೋಟ ಬರಿದು ಮಾಡಿದ.

ಎರಡು ವರ್ಷಗಳ ನಂತರ ನಿವೃತ್ತನಾಗಿ ಊರಿಗೆ ಹೋದ. ಅಲ್ಲಿ ಹೆಚ್ಚು ದಿನ ಬದುಕಲಿಲ್ಲ. ಸುದ್ದಿ ಹೇಳಿದವನು ಪ್ಯಾರಿಸ್ಸಿನ ಅದೇ ಅಣ್ಣನ ಮಗ. ದುಃಖಕ್ಕಿಂತ ಅವಮಾನವೇ ಅವನ ಧ್ವನಿಯಲ್ಲಿ ಜಾಸ್ತಿ ಇತ್ತು. ಸಂತನ ಸಮಾಧಿಯ ಸುತ್ತ ಗೋಡೆ ಕಟ್ಟಿದ ಜಾಗದಲ್ಲಿ ಆ ವಂಶದ ಗಂಡಸರನ್ನು ಹೂಳುತ್ತಾರೆ. ಇವನು ಅದರ ಹೊರಗೆ, ಗಾಣದವರ ಸಾಲಿನಲ್ಲಿ ತನಗೆ ಗುಂಡಿ ತೋಡಬೇಕೆಂದು ಬರೆದಿಟ್ಟು ಹೋಗಿದ್ದ. "ಯಾಕೆ ಅಂತ ನಿಮಗೇನಾದರೂ ಹೇಳಿದ್ರಾ?" ಎಂದು ಹುಡುಗ ಕೇಳಿದ.

"ನಿನ್ನ ಕಾಗದ ಇದೆಯಲ್ಲ, ಇನ್ನೊಂದು ಸಲ ಓದು" ಎಂದೆ.

ಮಗಳು ಈಗ ಇಲ್ಲೇ ಹತ್ತಿರದ ಅಲ್ ಮಬೇಲಾದಲ್ಲಿದ್ದಾಳೆ. ಎರಡು ಮಕ್ಕಳು. ದೊಡ್ಡಪ್ಪನವರು ಅವರ ಹುಟ್ಟುಹಬ್ಬಗಳಿಗೆ ತಪ್ಪದೆ ಬರುತ್ತಾರೆ, ಮಕ್ಕಳ ಮೂಗು ಕೌಶಿಕರ ಮೂಗೆಂದು ಕೇಕು ತಿನ್ನುತ್ತ ಹೇಳುತ್ತಾರೆ. ನಾನು ಅವರ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತೇನೆ. ಆ ಪಟ್ಟಿ ನನ್ನ ಫೈಲಿನಲ್ಲಿದೆ, ಅಡ್ಡಗೀಟಿನ ಕೆಳಗೆ ಅವನ ಸಹಿ ಇದೆ. ಆತ ತಿರಸ್ಕರಿಸಿದ ಒಂದು ವಸ್ತುವನ್ನೂ ನಾನು ಗೇಟಿನಿಂದ ಹೊರಗೆ ಕಳಿಸಲಿಲ್ಲ.