ರಾಹುಕಾಲ ಕಳೆದ ಮೇಲೆ ಹೊರಟ ದೋಣಿ

ಹೋದ ವಾರ ಕ್ರೋಂಪೇಟೆಯ ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕು ಬಿರುಕು ಬಿಟ್ಟಿತ್ತು. ರಿಪೇರಿಗೆ ಬಂದವನು ಡಬ್ಬಿಯಲ್ಲಿ ರೆಸಿನ್ ಕಲಸಿ, ಫೈಬರ್ ತುಂಡಿಗೆ ಬಳಿದು ಅಂಟಿಸಿದ. ಮೂಗಿಗೆ ಅಡರುವ ಆ ಘಾಟು ಬಂದದ್ದೇ ತಡ, ಪಕ್ಕದ ಮನೆಯ ಮಾಮ ಕಣ್ಣ ಮುಂದೆ ನಿಂತರು. ಭಾನುವಾರ ಸಂಜೆಗಳಲ್ಲಿ ಅವರ ಅಂಗಿ ಇದೇ ವಾಸನೆ ಹೊಡೆಯುತ್ತಿತ್ತು...

ಮಾಮ ಗಿಂಡಿಯ ಕಾರ್ಖಾನೆಯೊಂದರಲ್ಲಿ ಇಂಜಿನ್ ವಿಭಾಗದ ಫೋರ್‌ಮನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಉಳಿದವರು ವಿಷ್ಣುಸಹಸ್ರನಾಮ ಹಿಡಿದರೆ, ಇವರು ಊರಿನ ಉತ್ತರ ತುದಿಯ ತಿರುವೊಟ್ಟಿಯೂರಿನ ಮೀನುಗಾರನೊಬ್ಬನಿಂದ ಹಳೆಯ ಫೈಬರ್ ದೋಣಿ ಕೊಂಡರು. ಆರು ವರ್ಷ, ಪ್ರತಿ ಭಾನುವಾರ, ಅದರದೇ ಕೆಲಸ. ಇಂಜಿನ್ನನ್ನಂತೂ ಒಂದೊಂದು ನಟ್ಟೂ ಬಿಚ್ಚಿ ತೊಳೆದು ಜೋಡಿಸಿದ್ದರು. "ನನ್ನ ಸವತಿ ತಿರುವೊಟ್ಟಿಯೂರಲ್ಲಿ ಇದ್ದಾಳೆ" ಎಂದು ಅವರ ಹೆಂಡತಿ, ನಮ್ಮ ಮಾಮಿ, ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಅಷ್ಟರಲ್ಲಿ ನಮ್ಮ ಊರಿನ ದಕ್ಷಿಣಕ್ಕೆ, ಕೋವಳಂ ಆಚೆ ಹೊಸ ಮರೀನಾ ಆಯಿತು. ನಾವು ಕಡಲೆ ಸುಂಡಲ್ ತಿನ್ನುವ ಮರೀನಾ ಬೀಚ್ ಅಲ್ಲ; ಖಾಸಗಿ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಜಾಗ. ತಾನು ದುರಸ್ತಿ ಮಾಡಿದ ಇಂಜಿನ್ನಿನ ಬಲದಲ್ಲೇ ದೋಣಿಯನ್ನು ಅಲ್ಲಿಗೆ ಮುಟ್ಟಿಸಬೇಕೆಂಬುದು ಮಾಮನ ಒಂದೇ ಆಸೆ. ಲಾರಿಯಲ್ಲಿ ಸಾಗಿಸಿದರಾಯಿತಲ್ಲ ಎಂದೆ. "ಮದುವೆ ಹೆಣ್ಣನ್ನ ಗೂಡ್ಸ್ ವಂಡೀಲಿ ಕಳಿಸ್ತಾರೇನೋ?" ಎಂದು ಗದರಿದರು. ಹಗ್ಗ ಹಿಡಿಯಲು ಇನ್ನೊಬ್ಬ ಬೇಕಿತ್ತು. ಈಜು ಬಾರದ ನಾನು, ಬ್ಯಾಂಕಿಗೆ ರಜೆ ಹಾಕಿ, ಧೈರ್ಯವಂತನಂತೆ ಒಪ್ಪಿಕೊಂಡೆ.

ಅದು ಮಾರ್ಚ್ ತಿಂಗಳ ಸೋಮವಾರ. ಆರಕ್ಕೆ ಹೊರಡಬೇಕಿತ್ತು, ಡೀಸೆಲ್ ಬರುವುದು ತಡವಾಗಿ ಏಳೂವರೆಯಾಯಿತು. ದೋಣಿ ಮಾರಿದ ಮೀನುಗಾರ ದಡದಲ್ಲಿ ನಿಂತು, "ಪದಿನೊರು ಮಣಿಕ್ಕುಳ್ಳ ಪೋಯಿಡುಂಗ ಸಾರ್" ಎಂದ. ಹನ್ನೊಂದರೊಳಗೆ ಸೇರಿಬಿಡಿ, ಆಮೇಲೆ ಕಡಲ ಗಾಳಿ ಏಳುತ್ತದೆ ಎಂಬುದು ಅವನ ಮಾತು. ನಾನು ಗಡಿಯಾರ ನೋಡಿದೆ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ.

"ಮಾಮ, ಈಗ ಬೇಡ. ಅಮ್ಮನಿಗೆ ಗೊತ್ತಾದ್ರೆ ಬೈತಾಳೆ. ಒಂಬತ್ತಕ್ಕೆ ಹೊರಡೋಣ."

ರಾಹು ಬರೀ ನೆಪ. ನನಗೆ ಭಯವಾಗಿತ್ತು. ಇನ್ನೂ ಒಂದೂವರೆ ಗಂಟೆ ನೆಲದ ಮೇಲೆ ನಿಂತಿರುವ ಆಸೆ, ಅಷ್ಟೇ. ಮಾಮ ಸಮುದ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಸರಿಡಾ. ಮೊದಲನೇ ಪ್ರಯಾಣ, ನಿನ್ನ ಮನಸ್ಸಿಗೂ ಸಮಾಧಾನ ಇರ್ಲಿ."

ಒಂಬತ್ತಕ್ಕೆ ಹೊರಟೆವು. ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಆದರೆ ಕೋವಳಂ ದಾಟುವಾಗ ಹನ್ನೆರಡಾಗಿತ್ತು, ಗಾಳಿ ಎದುರಿನಿಂದ ಹೊಡೆಯುತ್ತಿತ್ತು. ಮರೀನಾದ ಬಾಯಲ್ಲಿ ಅಲೆಗಳು ಒಡೆದು ಬೀಳುತ್ತಿದ್ದವು. ಕಟ್ಟೆಯ ಮೇಲಿದ್ದ ಕಾವಲಿನವನು ಎರಡೂ ಕೈ ಬೀಸಿ ಬರಬೇಡಿ ಎಂದ. ಒಳಗೆ ನೀರು ತಟ್ಟೆಯ ಹಾಗೆ ಶಾಂತವಾಗಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ... ಮಾಮ ಎರಡು ಸುತ್ತು ಹಾಕಿದರು. ನಾನು ಬಿಳುಚಿಕೊಂಡು ಹಲಗೆ ಹಿಡಿದು ಕೂತಿದ್ದು ಕಂಡು ದೋಣಿ ತಿರುಗಿಸಿದರು. ವಾಪಸು ಬರುವ ದಾರಿಯುದ್ದಕ್ಕೂ ನನಗೆ ನಿಂಬೆಹಣ್ಣು ಮೂಸಲು ಕೊಡುತ್ತಿದ್ದರು.

ಮತ್ತೊಮ್ಮೆ ಹೋಗೋಣ ಎಂದಿದ್ದರು. ಮಳೆಗಾಲಕ್ಕೆ ಮೊದಲೇ ಎದೆನೋವು ಬಂತು, ಡಾಕ್ಟರು ಸಮುದ್ರ ಬೇಡವೆಂದರು, ದೋಣಿ ಮಾರಾಟವಾಯಿತು. ಮರುವರ್ಷ ಮಾಮನೂ ಹೋದರು. ಇಂಜಿನ್ ಕೈಕೊಟ್ಟಿತು, ಅದಕ್ಕೇ ವಾಪಸು ಬಂದೆವು ಎಂದು ಅವರು ಎಲ್ಲರಿಗೂ ಹೇಳಿದ್ದು ನನಗೆ ತಿಳಿದದ್ದು ಅವರ ವೈಕುಂಠ ಸಮಾರಾಧನೆಯ ದಿನ, ಎಲೆಯ ಮುಂದೆ ಕೂತಾಗ. ಆಗಲೂ ನಿಜ ಹೇಳದೆ ಊಟ ಮುಗಿಸಿ ಎದ್ದೆ.

ನಿನ್ನೆ ಮಾಮಿಯ ಮನೆಗೆ ಹೋದೆ. ಕಾಫಿ ಲೋಟ ಕೈಗೆ ಕೊಟ್ಟು, ಮಾತಿನ ನಡುವೆ ಅದೇ ಹಳೆಯ ಪ್ರಸ್ತಾಪ ತೆಗೆದರು. "ಊರಿನ ಇಂಜಿನ್ನೆಲ್ಲ ರಿಪೇರಿ ಮಾಡಿದೋರು, ಪಾವಂ, ಸ್ವಂತದ್ದು ಓಡಿಸ್ಲಿಕ್ಕೆ ಆಗ್ಲಿಲ್ಲ."

"ಇಂಜಿನ್ ಕೆಟ್ಟಿರ್ಲಿಲ್ಲ ಮಾಮಿ," ಎಂದೆ. "ನಾನು ತಡ ಮಾಡಿಸ್ದೆ. ನನಗೆ ಭಯ ಆಗಿತ್ತು." ಎಲ್ಲವನ್ನೂ ಹೇಳಿದೆ.

ಮಾಮಿ ನನ್ನನ್ನು ಬೈಯಲಿಲ್ಲ. ಸೆರಗಿನಿಂದ ಮೇಜು ಒರೆಸತೊಡಗಿದರು.

"ಆಸ್ಪತ್ರೆಯಲ್ಲೂ, ಸ್ವಂತ ಇಂಜಿನ್ ಓಡಿಸ್ಲಿಕ್ಕೆ ಆಗ್ಲಿಲ್ಲ ಅಂತ ಅವರನ್ನ ಗೇಲಿ ಮಾಡ್ದೆ ಕಣೋ," ಎಂದರು. "ಅವರು ನಕ್ಕು ಸುಮ್ಮನಾದ್ರು."