ನುಣುಪು ಬಳ್ಳಿಯ ಹೆಸರು

ಕಾಡುಗಿಡಗಳನ್ನು ಗುರುತಿಸಿ ಹೆಸರು ಬರೆದಿಡುವುದು ನನ್ನ ನೌಕರಿ. ಒಮ್ಮೆ ಯೆರವಡಾದ ಒಂದು ಆಸ್ಪತ್ರೆಯಿಂದ ಕರೆ ಬಂತು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದಿದ್ದವನೊಬ್ಬ ಗುಡ್ಡದ ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದಿದ್ದ. ಅವನ ಹೆಂಡತಿ ಆ ಬಳ್ಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

ಸವರಿ ನೋಡಿದೆ. ಎಲೆ, ಕಾಂಡ, ಕಾಯಿ ಎಲ್ಲವೂ ನುಣುಪು, ಎಲ್ಲಿಯೂ ಒಂದು ರೋಮವೂ ಇಲ್ಲ. ಎಲೆಯ ತುದಿ ಮಾತ್ರ ಸುರುಳಿ ಸುತ್ತಿತ್ತು.

"ಅಗ್ನಿಶಿಖೆ," ಎಂದೆ.

ಈ ವಿಷ ಇಳಿಸುವ ಮದ್ದಿಲ್ಲ ಎಂದು ಡಾಕ್ಟರು ನನಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಆಕೆಗೆ ಮರಾಠಿ ಬರುತ್ತಿರಲಿಲ್ಲ.

"ಹೆಸರು ಗೊತ್ತಾತಲ್ರಿ ಸಾಹೇಬ್ರ, ಇನ್ನ ಔಷಧ ಕೊಡ್ತಾರಲ್ರಿ?"

"ಕೊಡ್ತಾರವಾ," ಎಂದೆ.

ಆಕೆ ಕೈಮುಗಿದು ಒಳಗೆ ಓಡಿದಳು. ಗಿಡದ ಹೆಸರು ಸರಿಯಾಗಿ ಹೇಳಿದ್ದಕ್ಕೆ ಇಷ್ಟು ವರ್ಷದಲ್ಲಿ ನನಗೆ ಕೈಮುಗಿದವಳು ಆಕೆಯೊಬ್ಬಳೇ.