ಬಾಡಿಗೆ ಕಾರು, ಬಿಡದ ಸ್ಟೇರಿಂಗು

ನನಗೆ ಬರುವ ಇಂಗ್ಲಿಷ್ ಪದಗಳು ಬೆರಳೆಣಿಕೆಯವು. ಅವೂ ಗ್ಯಾರೇಜಿನಲ್ಲಿ ಕಲಿತವು: ಕ್ಲಚ್ಚು, ಗೇರು, ಪಂಚರ್ರು, ಫುಲ್ ಟ್ಯಾಂಕು. ಇಷ್ಟೇ ಬಂಡವಾಳ ಇಟ್ಟುಕೊಂಡು ಹೊಸದುರ್ಗದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ಚಿತ್ರದುರ್ಗ ಎಂದು ಅರ್ಧ ಆಯುಷ್ಯ ಜನ ತುಂಬಿಕೊಂಡು ಸರ್ವಿಸ್ ಗಾಡಿ ಓಡಿಸಿದ್ದೇನೆ. ಒಂದು ಪದವೂ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ಮಾರಿಷಸ್ ಎಂಬ ದ್ವೀಪದ ವಿಮಾನ ನಿಲ್ದಾಣದಲ್ಲಿ, ಬಾಡಿಗೆ ಕಾರಿನ ಕೌಂಟರಿನ ಮುಂದೆ. ಅಲ್ಲಿದ್ದ ಹೆಣ್ಣುಮಗಳು ಏನೇನೋ ಹೇಳಿ ಕೊನೆಗೆ "ಡ್ರೈವರ್?" ಎಂದು ಹುಬ್ಬೇರಿಸಿದಳು. ಅಷ್ಟು ಮಾತಿನಲ್ಲಿ ನನಗೆ ತಿಳಿದದ್ದು ಅದೊಂದೇ. ತಿಳಿಯಿತಲ್ಲ ಎಂಬ ಖುಷಿಗೆ ಎದೆ ತಟ್ಟಿಕೊಂಡು "ಮೀ" ಎಂದುಬಿಟ್ಟೆ. ಪಕ್ಕದಲ್ಲಿ ನಮ್ಮಕ್ಕ ತನ್ನ ಲೈಸೆನ್ಸನ್ನು ಪರ್ಸಿನಿಂದ ಅರ್ಧ ಹೊರಗೆಳೆದಿದ್ದಳು. ಆ ಅರ್ಧವನ್ನು ಮತ್ತೆ ಒಳಗೆ ತಳ್ಳಿದಳು.

ನಾನು ಮಾಡಿದ ತಪ್ಪು ಅಷ್ಟೇ. ಆಮೇಲಿನದೆಲ್ಲ ಅದಕ್ಕೆ ಹೊಡೆದ ಸುಣ್ಣಬಣ್ಣ.

ಅಕ್ಕನ ವಿಷಯ ಹೇಳದಿದ್ದರೆ ನಿಮಗೆ ನನ್ನ ತಪ್ಪಿನ ತೂಕ ತಿಳಿಯುವುದಿಲ್ಲ. ಸರೋಜಕ್ಕ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ಕಿಂಡಿಯ ಆಚೆ ಕೈ ಚಾಚಿದವರನ್ನೆಲ್ಲ ಊರೂರಿಗೆ ಕಳಿಸಿ, ತಾನು ಮಾತ್ರ ಅದೇ ಕುರ್ಚಿಯಲ್ಲಿ ಕುಳಿತು ನಿವೃತ್ತಿಯಾದಳು. ನಿವೃತ್ತಿಯಾದವರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ ಹಿಡಿಸಿಕೊಂಡು ಸಂಜೆ ವಾಕಿಂಗ್ ಹೋಗುತ್ತಾರೆ. ಇವಳು ಚಿತ್ರದುರ್ಗದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮನೆಯಲ್ಲೇ ಇಷ್ಟು ವರ್ಷದ ಡ್ರೈವರ್ ಇದ್ದಾನಲ್ಲ, ನನ್ನ ಹತ್ತಿರ ಕಲಿಯಬಾರದಿತ್ತೇ ಎಂದು ಕೇಳಿದ್ದಕ್ಕೆ, "ನಿನ್ನತ್ರ ಕಲಿತ್ರೆ ನಿನ್ನಂಗೇ ಓಡಿಸ್ತೀನಿ ಕಣೋ ರುದ್ರ, ಅದುಕ್ಕೇ" ಎಂದಳು. ಅಂದಿನಿಂದ ನನಗೆ ಡ್ರೈವಿಂಗ್ ಸ್ಕೂಲುಗಳ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಲೈಸೆನ್ಸ್ ಬಂದ ಮೇಲೆ ಅವಳ ಆಸೆ ಒಂದೇ. ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ, ನಡುವೆ ರಸ್ತೆ, ಆ ರಸ್ತೆಯಲ್ಲಿ ತಾನು. ಸ್ಟೇಷನ್ನಿನ ಗೋಡೆಯ ಮೇಲೆ ಅಂಥದೊಂದು ಕ್ಯಾಲೆಂಡರ್ ಇತ್ತಂತೆ; ವರ್ಷ ಕಳೆದರೂ ಯಾರೂ ಅದನ್ನು ತೆಗೆದಿರಲಿಲ್ಲವಂತೆ. ಭಾವನನ್ನು ಕರೆದಳು. ಭಾವ ವಿಮಾನದ ಸದ್ದಿಗೇ ಅಂಗಳದಿಂದ ಒಳಗೆ ಹೋಗುವವರು. "ಸಮುದ್ರ ಟಿವಿಯಾಗೇ ಕಾಣ್ತೈತಲ್ಲೇ, ಒದ್ದೆನೂ ಆಗಲ್ಲ" ಎಂದು ಕೈತೊಳೆದುಕೊಂಡರು. ಹಾಗಾಗಿ ಜೊತೆಗೆ ನಾನು. "ಯಾತಕ್ಕೂ ಇರ್ಲಿ" ಎಂದು ನನಗೂ ಹೊರದೇಶದಲ್ಲಿ ಓಡಿಸುವ ಪರವಾನಗಿ ಮಾಡಿಸಿದ್ದು ಅವಳೇ. ಆ 'ಯಾತಕ್ಕೂ' ಎಂಬ ಮಾತನ್ನು ನಾನು ಎಷ್ಟು ಮನಸ್ಸಿಟ್ಟು ಪಾಲಿಸಿದೆ ನೋಡಿ.

ಬಾಡಿಗೆ ಗಾಡಿಯ ಬಗ್ಗೆ ನನ್ನ ಪಾಂಡಿತ್ಯ ಸಣ್ಣದಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಈ ವಿಷಯದಲ್ಲಿ ನಾನು ಓದಿದವನೇ. ಹೊಸದುರ್ಗದಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡುವ ಅಂಗಡಿಯಿತ್ತು. ಸೈಕಲ್ಲಿನ ಚೈನು ಕಳಚುವುದು ಬಾಡಿಗೆಯಲ್ಲಿ ಸೇರಿತ್ತು. ಬ್ರೇಕು ಇರುತ್ತಿರಲಿಲ್ಲ, ಅದನ್ನು ಕೇಳುವುದು ಅಂಗಡಿಯವನಿಗೆ ಅವಮಾನ. ಮಾರಿಷಸ್ಸಿನವರು ಕಾರನ್ನು ಸುತ್ತು ಹಾಕಿಸಿ, ಗೀರುಗಳನ್ನೆಲ್ಲ ಹೆಣ್ಣು ತೋರಿಸುವ ಹಾಗೆ ತೋರಿಸಿ, ಪೆಟ್ರೋಲ್ ತುಂಬಿಸಿ ಕೊಟ್ಟರು. ಇಷ್ಟೊಂದು ನಂಬಿಕೆ ಇಟ್ಟರೆ ಮನುಷ್ಯನಿಗೆ ಭಯವಾಗುತ್ತದೆ. ಜೊತೆಗೊಂದು ಷರತ್ತು: ಹೆಸರು ಬರೆಸಿದವರನ್ನು ಬಿಟ್ಟು ಬೇರೆಯವರು ಓಡಿಸಬಾರದು, ಬೇಕಿದ್ದರೆ ಇನ್ನೊಂದು ಹೆಸರು ಸೇರಿಸಬಹುದು, ಹೆಸರು ಬರೆಸಿದವರೇ ಒಂದು ಫೋನ್ ಮಾಡಿದರೆ ಸಾಕು. ಅಕ್ಕ ಅದನ್ನು ಓದಿ ಹೇಳಿದಳು. ಓದಿ ಹೇಳಿ ನನ್ನ ಮುಖ ನೋಡಿದಳು.

"ನಾಳೆ ನೋಡಾಣ ಬಿಡಕ್ಕ, ಮೊದ್ಲು ರೂಮಿಗೆ ಹೋಗಾಣ" ಎಂದೆ.

ಒಂಬತ್ತು ಜನರ ಗಾಡಿಯಲ್ಲಿ ಇಪ್ಪತ್ತು ಜನರನ್ನು ತುಂಬಿ, ಇಬ್ಬರನ್ನು ಹಿಂದೆ ನೇತುಹಾಕಿಕೊಂಡು ಪೊಲೀಸ್ ಸ್ಟೇಷನ್ನಿನ ಮುಂದೆಯೇ ಹಾದುಹೋಗುತ್ತಿದ್ದವನಿಗೆ ಆ ದ್ವೀಪದಲ್ಲಿ ಕಾನೂನಿನ ಮೇಲೆ ಎಂಥ ಭಕ್ತಿ ಹುಟ್ಟಿತೆಂದರೆ, ಅಕ್ಕ ಕೀ ಕಡೆ ನೋಡಿದಾಗಲೆಲ್ಲ "ಹೆಸ್ರಿಲ್ಲಲ್ಲ ಅಕ್ಕ, ಹಿಡಿದ್ರೆ ಕಷ್ಟ" ಎನ್ನುತ್ತಿದ್ದೆ. ಹೆಸರು ಸೇರಿಸುವ ಫೋನ್ ಮಾತ್ರ ನಾಳೆಗೇ ಇರುತ್ತಿತ್ತು.

ಮೊದಲ ದಿನವೇ ಅವಳನ್ನು ಹಿಂದಿನ ಸೀಟಿಗೆ ಕಳಿಸಿದೆ. ಇದಕ್ಕೆ ಕಾರಣ ದುರುದ್ದೇಶವಲ್ಲ, ಅಭ್ಯಾಸ. ಸರ್ವಿಸ್ ಗಾಡಿಯಲ್ಲಿ ಮುಂದಿನ ಸೀಟು ಮೇಷ್ಟ್ರು, ಮೆಂಬರ್ರು, ಮೈಮೇಲೆ ಇಸ್ತ್ರಿ ಬಟ್ಟೆ ಇರುವವರದು, ಹೆಣ್ಣುಮಕ್ಕಳು ಹಿಂದೆ. "ಹಿಂದೆ ಕುಂತ್ಕ ಅಕ್ಕ, ಆರಾಮಾಗಿ ಕಾಲು ಚಾಚ್ಬೋದು" ಎಂದೆ. ಮುಂದಿನ ಸೀಟಿನಲ್ಲಿ ಊರಿಂದ ತಂದಿದ್ದ ಚಕ್ಕುಲಿಯ ಚೀಲ ಕುಳಿತು ಸಮುದ್ರ ನೋಡುತ್ತಾ ಬಂತು.

ಕಾರಿಗೆ ಕ್ಲಚ್ಚಿರಲಿಲ್ಲ. ನನ್ನ ಎಡಗಾಲು ಅದನ್ನು ಹುಡುಕುತ್ತಾ ಹೋಗಿ ಬ್ರೇಕಿನ ಮೇಲೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಚಕ್ಕುಲಿಯ ಚೀಲ ಗಾಜಿಗೆ ನಮಸ್ಕಾರ ಮಾಡುತ್ತಿತ್ತು. ಹಾರನ್ನಿನದು ಇನ್ನೊಂದು ಕಥೆ. ನಮ್ಮ ಕಡೆ ಹಾರನ್ ಎಂದರೆ ಮಾತುಕತೆ: ಬಂದೆ, ಹೋದೆ, ಊಟ ಆಯ್ತಾ, ದನ ಹಿಡ್ಕಳ್ಳಪ್ಪ. ಅಲ್ಲಿ ತಿರುವಿನಲ್ಲಿ ಸುಮ್ಮನೆ ಒಂದು ಕ್ಷೇಮಸಮಾಚಾರ ಹೊಡೆದಿದ್ದಕ್ಕೆ ಎದುರಿನ ಕಾರಿನವನು ನಿಲ್ಲಿಸಿ, ಇಳಿದು ಬಂದು, ಏನಾದರೂ ತೊಂದರೆಯೇ ಎಂದು ವಿಚಾರಿಸಿದ. ಅಕ್ಕ ಕಿಟಕಿ ಇಳಿಸಿ ಅವನಿಗೆ ಸಮಾಧಾನ ಹೇಳಿ ಕಳಿಸಿದಳು. ರಸ್ತೆಯ ಎರಡೂ ಕಡೆ ಕಬ್ಬು. ಕಬ್ಬು ನೋಡಲು ಹಿರಿಯೂರಿಗೆ ಹೋಗಿದ್ದರೆ ಸಾಲದಿತ್ತೇ ಎಂದೆ. ಸಮುದ್ರ ಬಂತು. ಮಾರಿಕಣಿವೆ ಡ್ಯಾಮು ತುಂಬಿದಾಗ ಹೀಗೇ ಕಾಣ್ತೈತಲ್ಲ ಎಂದೆ. ಬೇರೆಯವರ ಕನಸಿನೊಳಗೆ ಪುಕ್ಕಟೆ ಹೊಕ್ಕವನು ಹೀಗೆ ತಾಳೆ ನೋಡುತ್ತಾ ಕೂರುತ್ತಾನೆ. ಕನ್ನಡಿಯಲ್ಲಿ ನೋಡಿದರೆ ಅಕ್ಕನ ಬಲಗೈ ತೊಡೆಯ ಮೇಲೆ ತಿರುವು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ತಿರುಗುತ್ತಿತ್ತು. ನೋಡಿದೆ, ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ಮಾಡಿಕೊಂಡೆ.

ಒಂದು ದಿನ ಸಮುದ್ರದ ಪಕ್ಕದ ಊರಿನಲ್ಲಿ ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು ರಸ್ತೆ ಬದಿಯಲ್ಲಿ ಕೈ ಎತ್ತಿದಳು. ಅವಳು ಕೈ ಎತ್ತಿದ್ದು ನನ್ನ ಹಿಂದೆ ಬರುತ್ತಿದ್ದ ಬಸ್ಸಿಗೆ. ಆದರೆ ಕೈ ಎತ್ತಿದವರನ್ನು ಬಿಟ್ಟುಹೋಗುವುದು ನನ್ನ ಕಾಲಿಗೆ ಗೊತ್ತಿಲ್ಲ. ನಾನು ಯೋಚಿಸುವ ಮೊದಲೇ ಕಾರು ಎಡಕ್ಕೆ ಸರಿದು, ನಿಂತು, ಬಾಗಿಲು ತೆರೆದುಕೊಂಡಿತ್ತು. ಬಾಯಿ, "ಅಕ್ಕ, ವಸಿ ಆ ಕಡೆ ಸರ್ಕ" ಎಂದಾಗಿತ್ತು. ಅಜ್ಜಿ ಬಸ್ಸನ್ನೂ ನೋಡಿದಳು, ನಮ್ಮನ್ನೂ ನೋಡಿದಳು, ಪುಕ್ಕಟೆಯಾಗಿ ಬಂದದ್ದನ್ನು ಬಿಡುವುದು ಯಾಕೆಂದು ಹತ್ತಿದಳು. ಅಷ್ಟಾದರೂ ನಾನು ಹೊರಡಲಿಲ್ಲ. ಇನ್ನೊಂದು ಸೀಟು ಖಾಲಿಯಿತ್ತಲ್ಲ. ಗಾಡಿ ತುಂಬದೆ ಹೊರಟ ಅಭ್ಯಾಸ ನನಗಿಲ್ಲ. ಎಂಜಿನ್ ಗುರುಗುಟ್ಟಿಸುತ್ತಾ ಆ ಕಡೆ ಈ ಕಡೆ ನೋಡುತ್ತಿದ್ದೆ.

"ಲೇ, ಹೊಳಲ್ಕೆರೆ ಬಸ್ ಸ್ಟ್ಯಾಂಡಲ್ಲ ಇದು, ನಡಿ" ಎಂದಳು ಅಕ್ಕ.

ಅಜ್ಜಿಯ ಅಜ್ಜಂದಿರು ಯಾವ ಕಾಲದಲ್ಲೋ ಉತ್ತರ ಇಂಡಿಯಾದಿಂದ ಅಲ್ಲಿಗೆ ಕಬ್ಬು ಕಡಿಯಲು ಹೋದವರಂತೆ. ಅವಳಿಗೆ ಒಂದು ಥರದ ಹಿಂದಿ ಬರುತ್ತಿತ್ತು. ಅಕ್ಕನಿಗೆ ರೈಲ್ವೆಯವರ ಹಿಂದಿ. ಇಬ್ಬರೂ ಹತ್ತೇ ನಿಮಿಷದಲ್ಲಿ ಬೀಗಿತ್ತಿಯರಂತಾದರು. ನನಗೆ ಹಿಂದಿ ಬರುವುದಿಲ್ಲವೆಂದು ಅವರಿಬ್ಬರ ನಂಬಿಕೆ. ನಾನು ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಮಾತನಾಡಲು ಬಾರದಿದ್ದರೂ ಬೈದದ್ದು ತಿಳಿಯುತ್ತದೆ.

ಅಜ್ಜಿ ಕೇಳಿದಳು: ನಿನ್ನ ಡ್ರೈವರ್ ಒಳ್ಳೆಯವನು, ಎಲ್ಲಿ ಸಿಕ್ಕಿದ?

ಅಕ್ಕ: ಊರಿಂದಲೇ ತಂದದ್ದು.

ಅಜ್ಜಿ: ನೀನು ಓಡಿಸುವುದಿಲ್ಲವೇ? ನಾನು ಮಂಡಿ ನೋವು ಬರುವವರೆಗೂ ವ್ಯಾನು ಓಡಿಸಿದವಳು.

ಅಕ್ಕ: ಬರುತ್ತದೆ. ಲೈಸೆನ್ಸೂ ಇದೆ. ಓಡಿಸಬೇಕೆಂದೇ ಬಂದೆ.

ಅಜ್ಜಿ: ಮತ್ತೆ?

ಹಿಂದೆ ತರಕಾರಿ ಚೀಲವನ್ನು ನೆಟ್ಟಗೆ ಮಾಡಿದ ಸದ್ದು. ಆಮೇಲೆ ಅಕ್ಕ ಹೇಳಿದಳು: ಅವನಿಗೆ ಓಡಿಸಲು ಬರುತ್ತದೆ, ಬಿಡಲು ಬರುವುದಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ರೈಲು ಎಷ್ಟು ಹೊತ್ತು ಲೇಟು ಎಂದು ಕಿಂಡಿಯಿಂದ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು. ಅಜ್ಜಿ ಇಳಿಯುವಾಗ ನನ್ನ ಕೈಗೊಂದು ಸೀಬೆಹಣ್ಣು ಇಟ್ಟಳು. ಡ್ರೈವರ್‌ಗೆ ಕೊಡುವುದು ಅಲ್ಲಿಯೂ ಪದ್ಧತಿ ಇರಬೇಕು.

ಆ ಸಂಜೆಯೇ ಫೋನ್ ಮಾಡಿ ಅವಳ ಹೆಸರು ಸೇರಿಸಿದೆ ಎಂದು ಬರೆದರೆ ನಿಮಗೂ ಸಮಾಧಾನ, ನನಗೂ ಮರ್ಯಾದೆ. ಆದರೆ ಮಾಡಲಿಲ್ಲ. ಸೀಬೆಹಣ್ಣು ತಿಂದು ಮಲಗಿದೆ. ಮರುದಿನವೂ ನಾನೇ ಓಡಿಸಿದೆ, ಅದರ ಮರುದಿನವೂ. ಅಕ್ಕ ಕೀ ಕಡೆ ನೋಡುವುದನ್ನೂ ಬಿಟ್ಟಳು. ಅದರಿಂದ ನನ್ನ ಕಾನೂನು ಭಕ್ತಿಗೆ ಕೆಲಸವಿಲ್ಲದಂತಾಯಿತು.

ಅವಳು ಎಲ್ಲಾದರೂ ಗುದ್ದಿಬಿಟ್ಟಾಳು ಎಂಬ ಭಯವೇ ಎಂದು ನೀವು ಕೇಳಬಹುದು. ಊರಿನವರಿಗೆ ನಾನು ಹಾಗೇ ಹೇಳಿದ್ದೇನೆ. ನಿಜ ಹೇಳುವುದಾದರೆ ನನ್ನ ಭಯ ತಿರುಗಾಮುರುಗಾ ಇತ್ತು: ಎಲ್ಲಿ ಚೆನ್ನಾಗಿ ಓಡಿಸಿಬಿಡುತ್ತಾಳೋ ಎಂದು. ಲೆಕ್ಕ ಅವಳಿಗೆ ಬರುತ್ತದೆ, ಹಿಂದಿ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಗೌರ್ಮೆಂಟ್ ಕೆಲಸ ಬಂತು, ಪೆನ್ಷನ್ನೂ ಬಂತು. ಮನೆಯಲ್ಲಿ ಅವಳಿಗೆ ಬರದೆ ನನಗೆ ಮಾತ್ರ ಬರುತ್ತಿದ್ದದ್ದು ಈ ಗುಂಡಗಿನ ವಸ್ತು ಒಂದೇ. ನೆಂಟರಿಷ್ಟರ ಮನೆಯಲ್ಲಿ "ರುದ್ರನ್ನ ಕರೀರಿ, ಗಾಡಿ ತಗಂಡು ಬರ್ತಾನೆ" ಎಂದಾಗ ನನಗೊಂದು ಎತ್ತರ ಬರುತ್ತಿತ್ತು. ಅದನ್ನೂ ಕೊಟ್ಟುಬಿಟ್ಟರೆ ನಾನು ಯಾರ ಮುಂದೆ ಎದೆ ತಟ್ಟಿಕೊಳ್ಳಲಿ? ಇಷ್ಟು ಎತ್ತರದ ವಿಚಾರ ಹಿಡಿದುಕೊಂಡು ಒಬ್ಬ ದೊಡ್ಡ ಮನುಷ್ಯ ಪರದೇಶದಲ್ಲಿ ತನ್ನ ಒಡಹುಟ್ಟಿದವಳ ಆಸೆಯನ್ನು ಚಕ್ಕುಲಿಯ ಚೀಲದ ಹಿಂದೆ ಕೂರಿಸಿದ್ದ.

ಕೊನೆಯ ದಿನ ಕಾರನ್ನು ವಾಪಸ್ಸು ಕೊಡಲು ಹೋದೆವು. ವಿಮಾನ ನಿಲ್ದಾಣದ ಪಕ್ಕ ಕಂಪನಿಯದೊಂದು ದೊಡ್ಡ ಅಂಗಳ, ಸುತ್ತ ಬೇಲಿ. ಗೇಟಿನವನು ಕೊನೆಯ ಸಾಲು ತೋರಿಸಿ ಅಲ್ಲಿ ನಿಲ್ಲಿಸಿ ಎಂದ. ನನಗೆ ಇದ್ದಕ್ಕಿದ್ದಂತೆ, ಅಕ್ಕನಿಗೆ ಓಡಿಸಲು ಇನ್ನು ಉಳಿದಿರುವುದು ಈ ಬೇಲಿಯ ಒಳಗಿನ ಇಷ್ಟು ಜಾಗ ಮಾತ್ರ ಎನ್ನಿಸಿತು. ಇಳಿದು ಹಿಂದಿನ ಬಾಗಿಲು ತೆಗೆದು ಕೀ ಚಾಚಿದೆ.

"ಅಕ್ಕ, ಆ ಕೊನೇ ಸಾಲಿಗೆ ನಿಲ್ಲಿಸ್ಬೇಕಂತೆ. ನೀನೇ ನಿಲ್ಸು. ಇದು ರಸ್ತೆ ಅಲ್ಲ, ಯಾರೂ ಹಿಡಿಯಲ್ಲ."

ರೈಲು ಹೋದ ಮೇಲೆ ಟಿಕೆಟ್ ಕೇಳಲು ಬಂದವರನ್ನು ಅವಳು ಕಿಂಡಿಯಿಂದ ಹೇಗೆ ನೋಡುತ್ತಿದ್ದಳೋ ಹಾಗೆ ನೋಡಿದಳು. ಬಿಸಾಕುತ್ತಾಳೆ ಅಂದುಕೊಂಡೆ. ಬಿಸಾಕಲಿಲ್ಲ. ಇಳಿದಳು, ಮುಂದೆ ಕುಳಿತಳು. ಸೀಟು ಮುಂದಕ್ಕೆಳೆದಳು. ಕನ್ನಡಿಯನ್ನು, ನಾನು ಮೇಲೆ ಮಾಡಿದ್ದ ಅದೇ ಕನ್ನಡಿಯನ್ನು, ಕೆಳಗೆ ಮಾಡಿದಳು. ಬೆಲ್ಟು ಹಾಕಿದಳು. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಹಿಂದೆ ಕುಂತ್ಕಳಪ್ಪ. ಆರಾಮಾಗಿ ಕಾಲು ಚಾಚ್ಬೋದು."

ಹಿಂದೆ ಕುಳಿತೆ. ಕಾಲು ಚಾಚಲು ಬರುವುದಿಲ್ಲ. ಮಂಡಿ ಮುಂದಿನ ಸೀಟಿಗೆ ತಾಗುತ್ತದೆ, ತಲೆ ಸೂರಿಗೆ. ಇಷ್ಟು ದಿನ ಅವಳು ಒಂದು ಮಾತೂ ಹೇಳಿರಲಿಲ್ಲ.

ಕೊನೆಯ ಸಾಲು ನೇರ ಎದುರಿಗಿತ್ತು. ಅವಳು ಅದನ್ನು ಬಿಟ್ಟು ಬೇಲಿಯ ಅಂಚು ಹಿಡಿದಳು. ತೊಳೆದ ಕಾರು, ತೊಳೆಯದ ಕಾರು, ನೀರಿನ ಪೈಪು, ಎಲ್ಲವನ್ನೂ ಸುತ್ತಿ ಬಂದಳು. ಒಂದು ಕಡೆ ಬೇಲಿಯಾಚೆ ಒಂದು ಚೂರು ಸಮುದ್ರ ಕಂಡಿತು. ಅಲ್ಲಿ ನಿಧಾನ ಮಾಡಿದಳು. ಕಾರು ಒಮ್ಮೆಯೂ ಜಗ್ಗಲಿಲ್ಲ, ಚಕ್ಕುಲಿಯ ಚೀಲ ಯಾರಿಗೂ ನಮಸ್ಕಾರ ಮಾಡಲಿಲ್ಲ. ನಾನು ಹೆದರಿದ್ದು ನಿಜವಾಯಿತು. ಸುತ್ತು ಮುಗಿದರೂ ನಿಲ್ಲಿಸದೆ ಇನ್ನೊಂದು ಸುತ್ತಿಗೆ ತಿರುಗಿಸಿದಾಗ ಗೇಟಿನವನು ದೂರದಿಂದ ಕೈ ಎತ್ತಿದ.

"ಅಕ್ಕ, ಕೈ ಎತ್ತವ್ರೆ" ಎಂದೆ, ಅಭ್ಯಾಸಬಲ.

"ಗಾಡಿ ಫುಲ್ಲು" ಎಂದು ಅವಳು ನಿಲ್ಲಿಸದೆ ಹೋದಳು.

ಈಗ ಚಿಕ್ಕಜಾಜೂರಿನಲ್ಲಿ ಯಾರಾದರೂ ಮಾತೆತ್ತಿದರೆ ಅಕ್ಕ "ಫಾರಿನ್ನಾಗೆ ಕಾರು ಓಡಿಸ್ದೆ" ಎನ್ನುತ್ತಾಳೆ. ಸುಳ್ಳಲ್ಲ. ಕೇಳಿದವರು ಬೆರಗಾಗಿ ಸಾಕ್ಷಿಗೆ ನನ್ನ ಕಡೆ ತಿರುಗುತ್ತಾರೆ, ನಾನು ತಲೆಯಾಡಿಸುತ್ತೇನೆ. ಭಾವ ಮಾತ್ರ ಬಿಡುವವರಲ್ಲ. ಮೊನ್ನೆ ಕಾಫಿ ಕುಡಿಯುತ್ತಾ, "ಎಷ್ಟು ದೂರ ಓಡಿಸಿದ್ಲಪ್ಪ ನಿಮ್ಮಕ್ಕ?" ಎಂದು ನನ್ನನ್ನೇ ಕೇಳಿದರು. ಅಕ್ಕ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ನಂಗೇನ್ ಗೊತ್ತು ಭಾವ" ಎಂದೆ. "ಹಿಂದಿನ ಸೀಟ್ನಾಗೆ ಕುಂತೋರಿಗೆ ಮೀಟರು ಕಾಣಲ್ಲ."